ಸಾಕ್ಷಿಗಿಂತ ಮೊದಲು ಸುರಕ್ಷೆ: ಒಂದು ಚಿಕಿತ್ಸಾ ಕೈಪಿಡಿಯ ದೈವಶಾಸ್ತ್ರೀಯ ವಿಮರ್ಶೆ

ಗಂಡನ ಹೊಡೆತವನ್ನೂ ಮದ್ಯ ಅಥವಾ ಮಾದಕದ್ರವ್ಯದ ಹಿಡಿತವನ್ನೂ ಒಟ್ಟಿಗೆ ಅನುಭವಿಸುತ್ತಿರುವ ಸ್ತ್ರೀಯೊಬ್ಬಳು ಸಭಾಪಾಲಕರ ಮುಂದೆ ಬಂದು ಕುಳಿತಾಗ, ಸಭೆಯು ಸಾಮಾನ್ಯವಾಗಿ ಅವಳಿಂದ ಮೂರು ಸಂಗತಿಗಳನ್ನು ಅಪೇಕ್ಷಿಸುತ್ತದೆ. ನಡೆದುದನ್ನೆಲ್ಲ ಅವಳು ಬಿಚ್ಚಿ ಹೇಳಬೇಕು, ಗಂಡನನ್ನು ಕ್ಷಮಿಸಬೇಕು, ಮನೆಗೆ ಹಿಂದಿರುಗಬೇಕು. ಈ ಮೂರಕ್ಕೂ ನಮ್ಮಲ್ಲಿ ಗೌರವದ ಹೆಸರುಗಳಿವೆ. ಮೊದಲನೆಯದನ್ನು ಸಾಕ್ಷಿಯೆಂದೂ ಎರಡನೆಯದನ್ನು ಕ್ಷಮಾಪಣೆಯೆಂದೂ ಮೂರನೆಯದನ್ನು ಸಮಾಧಾನವೆಂದೂ ಕರೆಯುತ್ತೇವೆ. ಇಂಥ ಸ್ತ್ರೀಯರ ನಡುವೆ ರೂಪುಗೊಂಡ ಗುಂಪು ಚಿಕಿತ್ಸೆಯ ಕೈಪಿಡಿಯೊಂದು ಈ ಮೂರರಲ್ಲಿ ಒಂದನ್ನೂ ಮೊದಲಿಗೆ ಕೇಳುವುದಿಲ್ಲ. ಅವಳು ಇಂದು ಸುರಕ್ಷಿತಳಾಗಿದ್ದಾಳೆಯೇ, ಇಲ್ಲವಾದರೆ ಸುರಕ್ಷಿತಳಾಗಲು ಈ ವಾರ ಏನು ಮಾಡಬಲ್ಲಳು ಎಂಬುದಷ್ಟೇ ಅದರ ಮೊದಲ ಪ್ರಶ್ನೆ. ಈ ಕ್ರಮಭೇದವು ಕೇವಲ ತಂತ್ರದ ವಿಷಯವೋ, ಕೃಪೆಯನ್ನು ಕುರಿತ ನಮ್ಮ ತಿಳಿವಳಿಕೆಗೂ ಸಂಬಂಧಿಸಿದ್ದೋ ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಕೈಪಿಡಿಯ ಹೆಸರು 'ಸೀಕಿಂಗ್ ಸೇಫ್ಟಿ', ಅಂದರೆ ಸುರಕ್ಷೆಯ ಅನ್ವೇಷಣೆ. ಅಮೆರಿಕದ ಮನಃಶಾಸ್ತ್ರಜ್ಞೆ ಲೀಸಾ ನಜಾವಿಟ್ಸ್ ಅವರು ರಚಿಸಿದ ಈ ಗ್ರಂಥವು 2002ರಲ್ಲಿ ಪ್ರಕಟವಾಯಿತು. ಆಘಾತದ ಬಳಿಕ ಉಳಿಯುವ ಮಾನಸಿಕ ಕಾಯಿಲೆಯನ್ನೂ ಮಾದಕ ವ್ಯಸನವನ್ನೂ ಬೇರ್ಪಡಿಸದೆ ಏಕಕಾಲದಲ್ಲಿ ಉಪಚರಿಸಬೇಕೆಂಬುದು ಇದರ ಮೂಲ ವಾದ. ಇದರ ಮೊದಲ ಫಲಿತಾಂಶಗಳು 1998ರಲ್ಲಿ ಪ್ರಕಟವಾದವು. ಆ ಅಧ್ಯಯನ ನಡೆದದ್ದು ಸ್ತ್ರೀಯರ ಗುಂಪಿನಲ್ಲಿ, 24 ಕೂಟಗಳಲ್ಲಿ. ಬಾಲ್ಯದಲ್ಲಿ ನಡೆದ ದೌರ್ಜನ್ಯ, ಅತ್ಯಾಚಾರ, ಸಂಗಾತಿಯ ಹಿಂಸೆ ಮುಂತಾದ ಎಲ್ಲ ಬಗೆಯ ಆಘಾತಗಳನ್ನೂ ಕೈಪಿಡಿ ಒಳಗೊಳ್ಳುತ್ತದೆ. ನಮ್ಮ ಗಮನ ಇಲ್ಲಿ ಸಂಗಾತಿಯ ಹಿಂಸೆಗೆ ಸೀಮಿತ, ಏಕೆಂದರೆ ಸಭಾಪಾಲಕರ ಬಾಗಿಲನ್ನು ಹೆಚ್ಚಾಗಿ ತಟ್ಟುವ ಸಂಕಟ ಅದೇ.

ಹಿಂಸೆ ಮತ್ತು ವ್ಯಸನ ಒಂದಕ್ಕೊಂದು ಹೆಣೆದುಕೊಳ್ಳುವ ಬಗೆಯನ್ನು ಮೊದಲು ಗ್ರಹಿಸಬೇಕು. ಅನೇಕ ಸ್ತ್ರೀಯರಿಗೆ ಮಾದಕದ್ರವ್ಯವನ್ನು ಮೊದಲು ಪರಿಚಯಿಸುವವನು ಸಂಗಾತಿಯೇ. ಅದನ್ನು ತಂದುಕೊಡುವವನೂ ತಡೆಹಿಡಿಯುವವನೂ ಅವನೇ ಆದಾಗ ಅವನನ್ನು ಬಿಡುವುದೆಂದರೆ ಮದ್ದು ತಪ್ಪಿದ ನಡುಕ, ವಾಂತಿ, ನಿದ್ರಾಹೀನತೆಗಳನ್ನು ಒಬ್ಬಳೇ ಎದುರಿಸುವುದೆಂದಾಗುತ್ತದೆ. ಹೊಡೆತದ ನೋವನ್ನು ಮರೆಯಲು ಅವಳು ಕುಡಿಯುತ್ತಾಳೆ. ಕುಡಿದಳೆಂಬ ನೆಪದಿಂದ ಅವನು ಮತ್ತೆ ಹೊಡೆಯುತ್ತಾನೆ. ಚಿಕಿತ್ಸೆಗೆ ಹೊರಟರೆ ದಾರಿಯನ್ನೇ ಕಟ್ಟುತ್ತಾನೆ. ಮಕ್ಕಳನ್ನು ಕಸಿದುಕೊಳ್ಳುವೆನೆಂದು ಬೆದರಿಸುತ್ತಾನೆ. ಹೀಗಿದ್ದರೂ ನೆರವಿನ ಬಾಗಿಲುಗಳು ಮಾತ್ರ ಎರಡಾಗಿ ಒಡೆದಿವೆ. ಕುಡಿಯುವವಳಿಗೆ ಆಶ್ರಯಧಾಮದಲ್ಲಿ ಸ್ಥಳವಿಲ್ಲ. ವ್ಯಸನಮುಕ್ತಿ ಕೇಂದ್ರದಲ್ಲಿ ಮನೆಯ ಹಿಂಸೆಯ ಮಾತೇ ಏಳುವುದಿಲ್ಲ. ಸಭೆಯಲ್ಲಿಯೂ ಈ ಒಡಕು ಇದೆ. ಹೊಡೆಸಿಕೊಂಡವಳ ಮೇಲೆ ಮರುಕವಿದೆ, ಕುಡಿಯುವವಳ ಮೇಲೆ ತೀರ್ಪು ಇದೆ. ಇಬ್ಬರೂ ಒಬ್ಬಳೇ ಆದಾಗ ತೀರ್ಪೇ ಗೆಲ್ಲುತ್ತದೆ.

ಕೈಪಿಡಿಯ ರಚನೆ ಸರಳ. ಒಟ್ಟು 25 ವಿಷಯಗಳು. ಯಾವುದನ್ನು ಯಾವ ಕ್ರಮದಲ್ಲಿ ಬೇಕಾದರೂ ಎತ್ತಿಕೊಳ್ಳಬಹುದು. ಸಹಾಯವನ್ನು ಬೇಡುವುದು, ಪ್ರಾಮಾಣಿಕತೆ, ಸಂಬಂಧಗಳಲ್ಲಿ ಮಿತಿಯನ್ನು ಹಾಕಿಕೊಳ್ಳುವುದು, ಕೋಪದಿಂದ ಗುಣವಾಗುವುದು, ತನ್ನ ಮೇಲೆ ತಾನೇ ಕನಿಕರ ತೋರುವುದು ಮುಂತಾದವು ಅವುಗಳಲ್ಲಿ ಕೆಲವು. ಪ್ರತಿಯೊಂದು ಕೂಟಕ್ಕೂ ನಾಲ್ಕು ಅಂಗಗಳು. ಮೊದಲು ಪ್ರತಿಯೊಬ್ಬಳೂ ಕಳೆದ ಕೂಟದಿಂದೀಚೆಗೆ ತಾನು ಹೇಗಿದ್ದೇನೆ, ಯಾವ ಒಳ್ಳೆಯ ಉಪಾಯದಿಂದ ಕಷ್ಟವನ್ನು ಎದುರಿಸಿದೆ, ಮದ್ದು ಬಳಸಿದೆನೇ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತಾಳೆ. ಬಳಿಕ ಒಂದು ಚಿಕ್ಕ ಉಕ್ತಿಯನ್ನು ಗಟ್ಟಿಯಾಗಿ ಓದಲಾಗುತ್ತದೆ. ಆಮೇಲೆ ಆ ದಿನದ ವಿಷಯವನ್ನು ಅವರವರ ಬದುಕಿಗೆ ಹೊಂದಿಸಿ ಮಾತನಾಡುತ್ತಾರೆ. ಕೊನೆಯಲ್ಲಿ ಪ್ರತಿಯೊಬ್ಬಳೂ ಮುಂದಿನ ಕೂಟದೊಳಗೆ ನೆರವೇರಿಸಬೇಕಾದ ಒಂದು ಚಿಕ್ಕ ವಾಗ್ದಾನವನ್ನು ಮಾಡಿ ಹೊರಡುತ್ತಾಳೆ. ಕೂಡಿಬರುವುದು, ವಾಕ್ಯ, ಪ್ರತಿಸ್ಪಂದನ, ಕಳುಹಿಸಿಕೊಡುವುದು ಎಂಬ ನಮ್ಮ ಆರಾಧನಾ ಕ್ರಮವನ್ನು ಬಲ್ಲವರಿಗೆ ಈ ಆಕಾರ ಅಪರಿಚಿತವಲ್ಲ. ಭೇದವೊಂದಿದೆ: ನಮ್ಮ ಆರಾಧನೆಯಲ್ಲಿ ಅವಳು ಮೌನವಾಗಿ ಕೊನೆಯ ಸಾಲಿನಲ್ಲಿ ಕುಳಿತು ಹೋಗಬಹುದು, ಇಲ್ಲಿ ಅವಳು ಹೇಗಿದ್ದಾಳೆಂದು ಕೇಳದೆ ಯಾವುದೂ ಆರಂಭವಾಗದು.

ಈ ಕೈಪಿಡಿ ನಮಗೆ ಕಲಿಸುವ ಮೊದಲನೆಯ ಪಾಠ ಮಾತಿನ ಸಂಯಮಕ್ಕೆ ಸಂಬಂಧಿಸಿದುದು. ಗುಂಪಿನಲ್ಲಿ ಆಘಾತದ ಕಥೆಯನ್ನು ವಿವರವಾಗಿ ಬಿಚ್ಚಿಡಲು ಇದು ಪ್ರೋತ್ಸಾಹಿಸುವುದಿಲ್ಲ. ಬಿಚ್ಚಿಟ್ಟ ಕಥೆಯು ಹೇಳಿದವಳನ್ನು ಮತ್ತೆ ಆ ರಾತ್ರಿಗೇ ಎಳೆದೊಯ್ಯಬಹುದು. ಕೇಳಿದವಳ ಗಾಯವನ್ನೂ ಕೆದಕಬಹುದು. ಆ ನೋವಿನಿಂದ ಮನೆಗೆ ಹೋದವಳ ಕೈ ಮೊದಲು ಬಾಟಲಿಯತ್ತ ಚಾಚಬಹುದು. ಮನೋವೈದ್ಯೆ ಜೂಡಿತ್ ಹರ್ಮನ್ ಅವರು 1992ರ 'ಟ್ರಾಮಾ ಅಂಡ್ ರಿಕವರಿ' ಗ್ರಂಥದಲ್ಲಿ ಚೇತರಿಕೆಯ ಮೂರು ಘಟ್ಟಗಳನ್ನು ಗುರುತಿಸಿದರು: ಸುರಕ್ಷೆ, ಸ್ಮರಣೆ ಹಾಗೂ ಶೋಕ, ಮತ್ತೆ ಜನರೊಡನೆ ಬಾಂಧವ್ಯ. ನಜಾವಿಟ್ಸ್ ಅವರ ಕೈಪಿಡಿ ಇವುಗಳಲ್ಲಿ ಮೊದಲನೆಯ ಘಟ್ಟಕ್ಕೆ ಉದ್ದೇಶಪೂರ್ವಕವಾಗಿ ತನ್ನನ್ನು ಸೀಮಿತಗೊಳಿಸಿಕೊಂಡಿದೆ.

ಸಾಕ್ಷಿಯ ಕೂಟಗಳಲ್ಲಿ ಬೆಳೆದ ನಮಗೆ ಇದು ಕಸಿವಿಸಿಯನ್ನು ಉಂಟುಮಾಡಬೇಕು. ಬಿಡುಗಡೆ ಹೊಂದಿದವಳು ಎದ್ದು ನಿಂತು ತನ್ನ ಹಿಂದಿನ ಕತ್ತಲನ್ನು ವರ್ಣಿಸಿದರೆ ಸಭೆಗೆ ಭಕ್ತಿವೃದ್ಧಿಯಾಗುತ್ತದೆಂದು ನಾವು ನಂಬಿದ್ದೇವೆ. ಆದರೆ ಯಾರ ವೃದ್ಧಿ? ಅವಳ ಗಂಡನ ಬಂಧುಗಳು ಅದೇ ಸಭೆಯಲ್ಲಿ ಕುಳಿತಿರುವಾಗ, ಅವಳ ಮಾತು ಸಂಜೆಯೊಳಗೆ ಮನೆಗೆ ತಲುಪುವಾಗ, ಆ ಸಾಕ್ಷಿಯ ಬೆಲೆಯನ್ನು ತೆರುವವಳು ಅವಳೊಬ್ಬಳೇ. 1 ಅರಸು 19ರಲ್ಲಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಸಾವನ್ನು ಬೇಡಿಕೊಂಡ ಎಲೀಯನನ್ನು ದೇವರು ಹೇಗೆ ನಡೆಸಿಕೊಂಡನೆಂಬುದನ್ನು ನೆನೆಯೋಣ. ದೂತನು ಅವನಿಂದ ಮೊದಲು ವಿವರಣೆಯನ್ನು ಕೇಳಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ಉಂಡು ಮಲಗಿದನು, ಮತ್ತೆ ಎದ್ದು ಉಂಡನು. ಇಲ್ಲಿ ಏನು ಮಾಡುತ್ತಿದ್ದೀ ಎಂಬ ಅರ್ಥದ ಪ್ರಶ್ನೆ ಬಂದದ್ದು ಹೋರೇಬಿನಲ್ಲಿ, ನಲವತ್ತು ದಿನಗಳ ಬಳಿಕ. ಅಪಾಯದಿಂದ ದೂರವಾದ ಮೇಲೆ, ಊಟ ನಿದ್ರೆಗಳ ಮೇಲೆ, ಮಾತು. ಈ ಕ್ರಮವನ್ನು ಸಭೆಯು ಚಿಕಿತ್ಸಾಲಯದಿಂದ ಎರವಲು ತರಬೇಕಾಗಿರಲಿಲ್ಲ.

ಎರಡನೆಯ ಪಾಠ ಇನ್ನೂ ಕಠಿಣ. ಕೈಪಿಡಿಯ 25 ಶೀರ್ಷಿಕೆಗಳಲ್ಲಿ ಕ್ಷಮೆ ಎಂಬ ಶೀರ್ಷಿಕೆ ಇಲ್ಲ. ಇದನ್ನು ಕಂಡು ಇದು ಲೌಕಿಕ ಗ್ರಂಥವೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕುವ ಮುನ್ನ ಸೌಲ ಮತ್ತು ದಾವೀದರ ವೃತ್ತಾಂತವನ್ನು ಹಿಂಸೆಯ ಮನೆಯೊಂದರ ವೃತ್ತಾಂತವೆಂದು ಓದಲು ಕೋರುತ್ತೇವೆ. ಸೌಲನು ಮನೆಯೊಳಗೇ ಈಟಿಯನ್ನು ಎಸೆಯುತ್ತಾನೆ. ಮೀಕಲಳು ಗಂಡನನ್ನು ಕಿಟಕಿಯಿಂದ ಇಳಿಸಿ ಉಳಿಸುತ್ತಾಳೆ. ಮುಂದೆ ಎರಡು ಸಾರಿ ಸೌಲನ ಪ್ರಾಣ ದಾವೀದನ ಕೈಗೆ ಸಿಕ್ಕುತ್ತದೆ. ಎರಡು ಸಾರಿಯೂ ದಾವೀದನು ಸೇಡು ತೀರಿಸಿಕೊಳ್ಳುವುದಿಲ್ಲ. ಸೌಲನು ಒಮ್ಮೆ ಗಟ್ಟಿಯಾಗಿ ಅಳುತ್ತಾನೆ. ಇನ್ನೊಮ್ಮೆ ತಾನು ಪಾಪಮಾಡಿದೆನೆಂದು ಒಪ್ಪಿಕೊಂಡು, ಇನ್ನು ಕೇಡುಮಾಡೆನು, ಹಿಂದಿರುಗಿ ಬಾ ಎಂದು ಮಗನನ್ನು ಕರೆದಂತೆ ಕರೆಯುತ್ತಾನೆ. ಕಣ್ಣೀರಿದೆ, ಪಾಪದ ಒಪ್ಪಿಗೆಯಿದೆ, ವಾಗ್ದಾನವಿದೆ. ದಾವೀದನು ಏನು ಮಾಡಿದನು? ಈಟಿಯನ್ನು ತಾನೇ ಒಯ್ದು ಕೊಡಲಿಲ್ಲ. ಸೇವಕನೊಬ್ಬನು ಬಂದು ತೆಗೆದುಕೊಂಡು ಹೋಗಲಿ ಎಂದನು. ಸೌಲನು ತನ್ನ ಸ್ಥಳಕ್ಕೆ ಹೋದನು, ದಾವೀದನು ತನ್ನ ದಾರಿಯನ್ನು ಹಿಡಿದನು. ಮುಂದಿನ ಅಧ್ಯಾಯದ ಮೊದಲ ವಚನದಲ್ಲಿಯೇ, ಒಂದು ದಿನ ಇವನ ಕೈಯಿಂದ ಸಾಯುವೆನೆಂದು ಮನದಲ್ಲಿ ಎಣಿಸಿ ಫಿಲಿಷ್ಟಿಯರ ದೇಶಕ್ಕೆ ತಪ್ಪಿಸಿಕೊಂಡು ಹೋಗುತ್ತಾನೆ.

ದಾವೀದನು ಕ್ಷಮಿಸಲಿಲ್ಲವೆಂದು ಯಾವ ಬೋಧಕನೂ ಪ್ರಸಂಗಿಸಿದ್ದನ್ನು ನಾವು ಕೇಳಿಲ್ಲ. ಅವನ ಸೈರಣೆಯನ್ನು ನಾವೆಲ್ಲ ಹೊಗಳುತ್ತೇವೆ, ಅವನ ಎಚ್ಚರಿಕೆಯನ್ನು ಅವಿಶ್ವಾಸವೆನ್ನುವುದಿಲ್ಲ. ಪುರುಷನಾದ ದಾವೀದನಿಗೆ ನಾವು ಸಲ್ಲಿಸುವ ಈ ನ್ಯಾಯವನ್ನು ಹೊಡೆತ ತಿಂದ ಸ್ತ್ರೀಗೆ ಏಕೆ ಸಲ್ಲಿಸುವುದಿಲ್ಲ? ಕ್ಷಮಿಸುವುದು ಒಂದು, ಹಿಂದಿರುಗುವುದು ಮತ್ತೊಂದು. ಮೊದಲನೆಯದು ಅವಳ ಆತ್ಮವು ದೇವರ ಸನ್ನಿಧಿಯಲ್ಲಿ ತನ್ನ ಕಾಲದಲ್ಲಿ ಮಾಡುವ ಕಾರ್ಯ. ಎರಡನೆಯದು ಈಟಿಯು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಇವೆರಡನ್ನು ಬೆರೆಸಿದ ಪಾಲನಾ ಸೇವೆಯು ಸುವಾರ್ತೆಯ ಹೆಸರಿನಲ್ಲಿ ಪ್ರಾಣಾಪಾಯವನ್ನು ಬೋಧಿಸಿದಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಆದಿಕಾಂಡ 16ರಲ್ಲಿ, ಸಾರಯಳ ಬಾಧೆ ತಾಳಲಾರದೆ ಓಡಿಹೋದ ಹಾಗರಳನ್ನು ಯೆಹೋವನ ದೂತನೇ ಹಿಂದಕ್ಕೆ ಕಳುಹಿಸಲಿಲ್ಲವೇ? ಕಳುಹಿಸಿದನು, ಆ ವಚನದ ಕಾಠಿಣ್ಯವನ್ನು ಮೃದುಗೊಳಿಸಲು ನಾವು ಯತ್ನಿಸುವುದಿಲ್ಲ. ಫಿಲಿಸ್ ಟ್ರಿಬಲ್ ಅವರು 1984ರಲ್ಲಿ ಪ್ರಕಟಿಸಿದ 'ಟೆಕ್ಸ್ಟ್ಸ್ ಆಫ್ ಟೆರರ್' ಎಂಬ ಅಧ್ಯಯನದಲ್ಲಿ ಹಾಗರಳ ಕಥೆಯನ್ನು ಭಯಂಕರ ವೃತ್ತಾಂತಗಳ ಸಾಲಿನಲ್ಲಿ ಇರಿಸಿದ್ದು ಸುಮ್ಮನೆ ಅಲ್ಲ. ಆದರೆ ಆ ಒಂದು ವಚನವನ್ನು ನಿಯಮವಾಗಿಸುವವರು 21ನೆಯ ಅಧ್ಯಾಯವನ್ನೂ ಓದಬೇಕು. ಅಲ್ಲಿ ದೇವರು ಅವಳನ್ನು ಆ ಮನೆಗೆ ಮರಳಿ ಕಳುಹಿಸುವುದಿಲ್ಲ. ಅಡವಿಯಲ್ಲಿಯೇ ಅವಳ ಕಣ್ಣು ತೆರೆದು ನೀರಿನ ಬಾವಿಯನ್ನು ತೋರಿಸುತ್ತಾನೆ. ಅವಳ ಕಥೆ ಮುಗಿಯುವುದು ಹಿಂದಿರುಗುವಿಕೆಯಲ್ಲಿ ಅಲ್ಲ, ಬದುಕುವಿಕೆಯಲ್ಲಿ.

ಇಷ್ಟು ಮೆಚ್ಚಿಕೊಂಡ ಮೇಲೆ ಕೈಪಿಡಿಯ ಕೊರತೆಗಳಿಗೆ ಬರುತ್ತೇವೆ. ಮೊದಲನೆಯದು ಫಲಿತಾಂಶಕ್ಕೆ ಸೇರಿದ್ದು. ಡೆನಿಸ್ ಹೀನ್ ಮತ್ತು ಸಂಗಡಿಗರು ಅಮೆರಿಕದ ಏಳು ಚಿಕಿತ್ಸಾ ಕೇಂದ್ರಗಳಲ್ಲಿ 353 ಸ್ತ್ರೀಯರನ್ನು ಒಳಗೊಂಡು ನಡೆಸಿದ ಪರೀಕ್ಷೆಯ ವರದಿ 2009ರಲ್ಲಿ ಹೊರಬಂದಿತು. ಒಂದು ಪಂಗಡಕ್ಕೆ ಈ ಕೈಪಿಡಿಯ 12 ಕೂಟಗಳು, ಮತ್ತೊಂದು ಪಂಗಡಕ್ಕೆ ಸ್ತ್ರೀಯರ ಆರೋಗ್ಯ ಶಿಕ್ಷಣದ ಕೂಟಗಳು. ಎರಡೂ ಪಂಗಡಗಳಲ್ಲಿ ಆಘಾತದ ಲಕ್ಷಣಗಳು ತಗ್ಗಿದವು. ಪಂಗಡಗಳ ನಡುವೆ ಗಣನೀಯ ಭೇದ ಕಾಣಲಿಲ್ಲ. ಮದ್ದಿನ ಬಳಕೆಯಲ್ಲಿಯೂ ಈ ಕೈಪಿಡಿಗೆ ಮೇಲುಗೈ ದೊರೆಯಲಿಲ್ಲ. ಪೂರ್ತಿ 25 ವಿಷಯಗಳ ಬದಲು 12 ಕೂಟಗಳಷ್ಟೇ ನಡೆದವೆಂಬುದನ್ನು ಗಮನದಲ್ಲಿಟ್ಟರೂ, ಕೈಪಿಡಿಯನ್ನು ಮಂತ್ರದಂಡವೆಂದು ಭಾವಿಸುವವರಿಗೆ ಇದು ಸಾಕಷ್ಟು ಎಚ್ಚರಿಕೆ. ಹಾಗೆಯೇ, ಸ್ತ್ರೀಯರು ಒಟ್ಟುಗೂಡಿದರೆ ಸಾಕು, ವ್ಯಸನ ತಾನೇ ಬಿಡುತ್ತದೆಂದು ನಾವು ಅನ್ಯೋನ್ಯತೆಯ ಸಿದ್ಧಾಂತವನ್ನು ಇದರ ಮೇಲೆ ಕಟ್ಟಬಾರದು. ಅತಿಯಾಗಿ ಕುಡಿಯುವವಳು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು. ಅಲ್ಲಿ ಬೇಕಾದದ್ದು ವೈದ್ಯರು, ಪ್ರಾರ್ಥನೆ ಅವರ ಜೊತೆಗೆ.

ಎರಡನೆಯ ಕೊರತೆ ಗಂಭೀರವಾದುದು. ಇಲ್ಲಿ ಸುರಕ್ಷೆಯು ಬಹುಮಟ್ಟಿಗೆ ಸ್ತ್ರೀಯು ಕಲಿಯಬೇಕಾದ ಕೌಶಲವಾಗಿ ಕಾಣಿಸುತ್ತದೆ. ಕಷ್ಟವನ್ನು ಎದುರಿಸುವ ಎಂಬತ್ತಕ್ಕೂ ಮಿಕ್ಕ ಉಪಾಯಗಳ ಪಟ್ಟಿಯನ್ನು ಕೈಪಿಡಿ ಕೊಡುತ್ತದೆ. ಅವು ಉಪಯುಕ್ತವೇ. ಆದರೆ ಅಪಾಯವನ್ನು ಉಂಟುಮಾಡುವವನು ಆ ಕೋಣೆಯಲ್ಲಿ ಇಲ್ಲ. ಅವಳು ಎಷ್ಟು ಕಲಿತರೂ ಅವನ ಕೈ ತಗ್ಗುವುದಿಲ್ಲ. ಹೊಡೆತ ಮರುಕಳಿಸಿದಾಗ, ಕಲಿತದ್ದನ್ನು ಸರಿಯಾಗಿ ಬಳಸಲಿಲ್ಲವೆಂಬ ಹೊಸ ಅಪರಾಧಭಾವ ಅವಳಲ್ಲಿ ಹುಟ್ಟುವ ಸಂಭವವಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಲೂಯಿಸಾ ಗಿಲ್ಬರ್ಟ್, ನಬೀಲಾ ಎಲ್-ಬಸೆಲ್ ಮತ್ತು ಸಂಗಡಿಗರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹೆರಾಯಿನ್ ಬಿಡಿಸಲು ಕೊಡುವ ಮೆಥಡೋನ್ ಎಂಬ ಔಷಧಕ್ಕಾಗಿ ಚಿಕಿತ್ಸಾಲಯಕ್ಕೆ ಬರುವ ಸ್ತ್ರೀಯರಿಗಾಗಿ ಅವರು ರೂಪಿಸಿದ ಗುಂಪು ಚಿಕಿತ್ಸೆಯಲ್ಲಿ ವ್ಯಸನದ ಮರುಕಳಿಕೆ ಮತ್ತು ಸಂಬಂಧದೊಳಗಿನ ಅಪಾಯ, ಎರಡನ್ನೂ ಒಂದೇ ಎಳೆಯಾಗಿ ಹಿಡಿಯಲಾಗಿದೆ. 2006ರಲ್ಲಿ ಪ್ರಕಟವಾದ ಅವರ ಪರೀಕ್ಷೆ 34 ಸ್ತ್ರೀಯರ ಚಿಕ್ಕ ಪರೀಕ್ಷೆ. ಫಲಿತಾಂಶ ಭರವಸೆ ಹುಟ್ಟಿಸುವಂಥದು, ಅಂತಿಮವಲ್ಲ. ಅಲ್ಲಿಯೂ ಪುರುಷನು ಕೋಣೆಯ ಹೊರಗೇ ಇದ್ದಾನೆ.

ಸಭೆಗೆ ಇರುವ ವಿಶೇಷ ಸ್ಥಾನ ಇಲ್ಲಿಯೇ. ಚಿಕಿತ್ಸಾಲಯಕ್ಕೆ ಆ ಪುರುಷನ ಪರಿಚಯವಿಲ್ಲ, ಸಭಾಪಾಲಕರಿಗೆ ಇದೆ. ಅವನು ಕರ್ತನ ಭೋಜನಕ್ಕೆ ಬರುತ್ತಾನೆ, ಕೆಲವೊಮ್ಮೆ ಸಭಾ ಸಮಿತಿಯಲ್ಲಿಯೂ ಕೂರುತ್ತಾನೆ. ಅವನನ್ನು ಕರೆದು ಪಶ್ಚಾತ್ತಾಪದ ಫಲವನ್ನು ಕೇಳುವ ಅಧಿಕಾರ ಸಭೆಗಿದೆ. ಅವಳ ಸುರಕ್ಷೆ ಖಚಿತವಾದ ಮೇಲೆ ಮಾತ್ರ, ಅವಳು ಹೇಳಿದ್ದನ್ನು ಅವನಿಗೆ ಬಯಲು ಮಾಡದೆ, ಈ ಅಧಿಕಾರವನ್ನು ಬಳಸಬೇಕು. ನಾವು ಮಾತ್ರ ಮತ್ತಾಯ 18ನ್ನು ತಿರುಗಿಸಿ ಓದುತ್ತೇವೆ: ತಪ್ಪುಮಾಡಿದವನ ಬಳಿಗೆ ಒಬ್ಬಳೇ ಹೋಗಿ ಮಾತನಾಡು ಎಂದು ಹೊಡೆತ ತಿಂದವಳಿಗೇ ಹೇಳುತ್ತೇವೆ. ಅದೇ ಅಧ್ಯಾಯದಲ್ಲಿ ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವ ಮಾತೂ ಇದೆಯೆಂಬುದನ್ನು ಮರೆಯುತ್ತೇವೆ. ಬಲವುಳ್ಳವನನ್ನು ಬಲಹೀನಳೊಬ್ಬಳೇ ಎದುರಿಸಲೆಂದು ಕೊಟ್ಟ ಉಪದೇಶ ಅದಲ್ಲ.

ವ್ಯಸನದ ಪಾಲನಾ ಸೇವೆಯಲ್ಲಿ ಹನ್ನೆರಡು ಹೆಜ್ಜೆಗಳ ಕೂಟಗಳನ್ನು ಅವಲಂಬಿಸುವವರಿಗೂ ಒಂದು ಮಾತು. 1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಮೊದಲ ಹೆಜ್ಜೆಯು ಮದ್ಯದೆದುರು ತನ್ನ ಶಕ್ತಿಹೀನತೆಯನ್ನು ಒಪ್ಪಿಕೊಳ್ಳುವುದು. ಗರ್ವಿಯನ್ನು ಈ ಒಪ್ಪಿಗೆ ಬಗ್ಗಿಸಬಲ್ಲುದು. ಆದರೆ ನೀನು ಯಾವುದಕ್ಕೂ ಬಾರದವಳೆಂದು ವರ್ಷಗಟ್ಟಲೆ ಕೇಳಿಸಿಕೊಂಡವಳ ಕಿವಿಗೆ ಇದು ಗಂಡನ ಮಾತಿನ ಪ್ರತಿಧ್ವನಿಯಾದೀತು. ಪಾಪವೆಂದರೆ ಅಹಂಕಾರವೇ ಎಂಬ ವ್ಯಾಖ್ಯೆಯು ಪುರುಷರ ಅನುಭವದಿಂದ ಬಂದುದು, ಸ್ತ್ರೀಯರ ಪ್ರಲೋಭನೆ ಅನೇಕ ವೇಳೆ ತಮ್ಮನ್ನೇ ಇಲ್ಲವಾಗಿಸಿಕೊಳ್ಳುವುದು ಎಂದು ವ್ಯಾಲರಿ ಸೇವಿಂಗ್ ಅವರು 1960ರಷ್ಟು ಹಿಂದೆಯೇ ವಾದಿಸಿದ್ದರು. ಮದ್ದಿನ ಮುಂದೆ ಶಕ್ತಿಹೀನಳೆಂದು ಒಪ್ಪುವುದು ಬೇರೆ, ಹೊಡೆಯುವವನ ಮುಂದೆ ಶಕ್ತಿಹೀನಳೆಂದು ಒಪ್ಪುವುದು ಬೇರೆ. ನಜಾವಿಟ್ಸ್ ಅವರ ಕೈಪಿಡಿಯು ಆಘಾತವನ್ನು ಕುರಿತ ಪಾಠಕ್ಕೆ, ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯುವುದೆಂಬ ಅರ್ಥದ ಹೆಸರನ್ನಿಟ್ಟಿರುವುದು ಈ ವಿವೇಕದಿಂದಲೇ ಎಂದು ನಮಗೆ ತೋರುತ್ತದೆ.

ಮೂರನೆಯ ಕೊರತೆ: ಇಲ್ಲಿ ಪ್ರಲಾಪಕ್ಕೆ ಸ್ಥಳ ಕಡಿಮೆ. ನಾನು ಇದಕ್ಕೆ ತಕ್ಕವಳೇ ಎಂಬಂಥ ಹಾನಿಕರ ಅರ್ಥಗಳನ್ನು ಬಿಟ್ಟು, ಗುಣಪಡಿಸುವ ಅರ್ಥಗಳನ್ನು ಕಟ್ಟಿಕೊಳ್ಳಲು ಕೈಪಿಡಿ ಕಲಿಸುತ್ತದೆ. ಒಳ್ಳೆಯದೇ. ಆದರೆ ಎಲ್ಲ ನೋವಿಗೂ ಅರ್ಥ ಕೂಡಿಬರುವುದಿಲ್ಲ. 55ನೆಯ ಕೀರ್ತನೆಯಲ್ಲಿ ಪ್ರಾರ್ಥಿಸುವವನು ವೈರಿಯಿಂದಲ್ಲ, ತನ್ನೊಡನೆ ದೇವಾಲಯಕ್ಕೆ ನಡೆದುಬಂದ ಆಪ್ತನಿಂದಲೇ ಗಾಯಗೊಂಡಿದ್ದಾನೆ. ಪಾರಿವಾಳದ ರೆಕ್ಕೆಗಳಿದ್ದಿದ್ದರೆ ಹಾರಿಹೋಗಿ ಅಡವಿಯಲ್ಲಿ ಇಳಿದುಕೊಳ್ಳುತ್ತಿದ್ದೆನೆಂದು ಹಂಬಲಿಸುತ್ತಾನೆ. ಓಡಿಹೋಗುವ ಬಯಕೆಯೇ ಇಲ್ಲಿ ಪ್ರಾರ್ಥನೆಯಾಗಿದೆ. ದೇವರ ಮುಂದೆ ಆಕ್ಷೇಪಣೆಯನ್ನು ಇಡುವ ಈ ಭಾಷೆಯನ್ನು ಯಾವ ಚಿಕಿತ್ಸೆಯೂ ಕೊಡಲಾರದು, ಸಭೆಯು ಕೊಡಬಲ್ಲುದು.

ಇದೆಲ್ಲ ದೂರದ ದೇಶದ ಮಾತೆಂದು ನಮ್ಮ ಓದುಗರು ಭಾವಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಸ್ತ್ರೀಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾರೆ. ನಮ್ಮಲ್ಲಿ ಕುಡಿತವೆಂದರೆ ಗಂಡಸರದೆಂಬ ಭಾವನೆ ಬಲವಾಗಿರುವುದರಿಂದ ಸ್ತ್ರೀಯ ಕುಡಿತ ಅಥವಾ ನಿದ್ರೆಗುಳಿಗೆಯ ಚಟವು ಇಮ್ಮಡಿ ಲಜ್ಜೆಯೊಳಗೆ ಅಡಗಿರುತ್ತದೆ. ಆದಕಾರಣ ಸಭಾಪಾಲಕರು ಕೆಲವನ್ನಾದರೂ ತಿಳಿದಿರಬೇಕು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಗಾಗಿ 2005ರಲ್ಲಿ ಮಾಡಿದ ಕಾಯಿದೆಯ ಅಡಿಯಲ್ಲಿ ಅವಳು ರಕ್ಷಣಾ ಆದೇಶವನ್ನು ಕೋರಬಹುದು, ವಾಸದ ಮನೆಯಲ್ಲಿ ಇರುವ ಹಕ್ಕನ್ನೂ ಕೇಳಬಹುದು. ಅದಕ್ಕೆ ನೆರವಾಗಲು ಸಂರಕ್ಷಣಾಧಿಕಾರಿಗಳಿದ್ದಾರೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಈ ಮಾಹಿತಿ ಸಭಾಪಾಲಕರ ದಿನಚರಿಯಲ್ಲಿ ಇರಬೇಕು. ಅವಳು ಹೇಳಿದ ಮಾತು ಮಾತ್ರ ಅವರ ಹೃದಯದಲ್ಲಿಯೇ ಉಳಿಯಬೇಕು, ಪ್ರಾರ್ಥನಾ ವಿಜ್ಞಾಪನೆಯ ರೂಪದಲ್ಲಿ ಸಹ ಹೊರಬರಬಾರದು. ಸ್ತ್ರೀಯರ ಅನ್ಯೋನ್ಯ ಕೂಟಗಳು ಚಿಕಿತ್ಸಾ ಗುಂಪುಗಳಾಗಬೇಕಿಲ್ಲ, ಅದು ತರಬೇತಿ ಪಡೆದವರ ಕೆಲಸ. ಆದರೆ ಕುಡಿಯುವ ಸಹೋದರಿಯೊಬ್ಬಳು ನಾಚದೆ ಬಂದು ಕುಳಿತುಕೊಳ್ಳಬಹುದಾದ ಸ್ಥಳಗಳು ಅವಾಗಬಹುದು.

ಅದಕ್ಕಿಂತ ಹೆಚ್ಚಿನದೂ ಸಾಧ್ಯ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಎಪಿಸ್ಕೋಪಲ್ ಸಭೆಯ ಯಾಜಕರಾದ ಬೆಕಾ ಸ್ಟೀವನ್ಸ್ ಅವರು ವೇಶ್ಯಾವಾಟಿಕೆ, ಹಿಂಸೆ ಹಾಗೂ ವ್ಯಸನಗಳಿಂದ ಹೊರಬಂದ ಸ್ತ್ರೀಯರಿಗಾಗಿ 1997ರಲ್ಲಿ ಒಂದು ಮನೆಯನ್ನು ತೆರೆದರು. ಅಲ್ಲಿ ಎರಡು ವರ್ಷಗಳ ಕಾಲ ಬಾಡಿಗೆಯಿಲ್ಲದೆ ಇರಬಹುದು. ಸುರಕ್ಷೆಯೆಂಬ ಶಬ್ದಕ್ಕೆ ಅಲ್ಲಿ ಗೋಡೆ, ಚಾವಣಿ, ಅಗುಳಿ, ಬೀಗದ ಕೈಗಳಿವೆ. ಕೈಪಿಡಿಯು ಹೇಳಬಲ್ಲದ್ದನ್ನು ಮನೆಯು ಕೊಡಬಲ್ಲುದು. ಖಾಲಿ ಬಿದ್ದಿರುವ ಬಂಗಲೆಗಳನ್ನೂ ಹಾಸ್ಟೆಲ್ ಕೋಣೆಗಳನ್ನೂ ಹೊಂದಿರುವ ನಮ್ಮ ಸಭಾಪ್ರಾಂತಗಳು ಈ ಉದಾಹರಣೆಯನ್ನು ಆಲೋಚಿಸಲಿ.

ನಮ್ಮ ತೀರ್ಮಾನ ಇಷ್ಟು. ಈ ಕೈಪಿಡಿಯು ಸುವಾರ್ತೆಯಲ್ಲ. ಅದರ ಫಲಿತಾಂಶ ಮಿತವಾದುದು, ಹಿಂಸೆಯ ಕರ್ತೃವನ್ನು ಅದು ಮುಟ್ಟುವುದಿಲ್ಲ, ಪ್ರಲಾಪಿಸಲು ಅದಕ್ಕೆ ಬಾರದು. ಆದರೂ ದೈವಶಾಸ್ತ್ರ ಕಾಲೇಜುಗಳ ಪಾಲನಾ ಸೇವೆಯ ತರಗತಿಗಳಲ್ಲಿ ಇದನ್ನು ಓದಿಸಬೇಕೆಂದು ನಾವು ಶಿಫಾರಸು ಮಾಡುತ್ತೇವೆ. ಏಕೆಂದರೆ ಸುರಕ್ಷೆಯೆಂಬುದು ಕೃಪೆಗೆ ಮುಂಚಿನ ಲೌಕಿಕ ಸಿದ್ಧತೆಯಲ್ಲ. ಅಪಾಯದಲ್ಲಿರುವವಳಿಗೆ ಕೃಪೆಯು ಮೊದಲು ತಲುಪುವ ರೂಪವೇ ಅದು. ಸಾಕ್ಷಿಯೂ ಕ್ಷಮೆಯೂ ತಮ್ಮ ಕಾಲದಲ್ಲಿ ಬಂದಾವು, ಬಾರದೆಯೂ ಇರಬಹುದು. ಅವುಗಳಿಗಾಗಿ ಕಾಯುವ ತಾಳ್ಮೆ ಸಭೆಗೆ ಇರಬೇಕು. ಅವಳ ಪ್ರಾಣದ ವಿಷಯದಲ್ಲಿ ಮಾತ್ರ ಸಭೆಯು ತಡಮಾಡಬಾರದು.